ಅಮ್ಮ ಎಣ್ಣೆ ಹಚ್ಚಿದ ಕೂದಲು

ಅಮ್ಮ ತೀರಿಕೊಂಡ ಮೇಲೆ ವರ್ಷದ ತಿಥಿ ಮುಗಿಯುವವರೆಗೆ ನಾನು ಪಾರ್ಲರಿಗೆ ಹೋಗಲಿಲ್ಲ. ಅದಕ್ಕೂ ಮೊದಲು ಕೂದಲಿಗೆ ಮತ್ತೆ ಮತ್ತೆ ಬಣ್ಣ ಹಾಕಿಸಿ, ಕಾದ ಸ್ಟ್ರೈಟ್ನರ್‌ನಿಂದ ನೇರ ಮಾಡಿಸಿ, ತುದಿಯೆಲ್ಲ ಪೊರಕೆಯಂತಾಗಿತ್ತು. "ಸುಟ್ಟ ಹುಲ್ಲು ಕಣೇ ಇದು" ಎಂದು ಬೈಯುತ್ತಲೇ ಅಮ್ಮ ಭಾನುವಾರ ಅದಕ್ಕೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು.

"ಇದನ್ನ ಸರಿ ಮಾಡಕ್ಕಾಗತ್ತಾ ಆಂಟಿ?" ಬಸವೇಶ್ವರನಗರದ ನಮ್ಮ ಬೀದಿಯ ಪಾರ್ಲರಿನವರನ್ನು ಕೇಳಿದೆ.

"ಸುಟ್ಟಿದ್ದು ಸುಟ್ಟಂಗೇ ಕಣಮ್ಮ. ಎಣ್ಣೆ ಹಾಕಿದ್ರೆ ಮೇಲೆ ಹೊಳೆಯತ್ತೆ, ಅಷ್ಟೇ. ಕತ್ತರಿಸಿಬಿಡೋಣ."

ಅಮ್ಮನ ಬೆರಳು ಆಡಿದ್ದು ಆ ಕೂದಲಲ್ಲೇ. ಅದನ್ನು ಕಸದ ಬುಟ್ಟಿಗೆ ಹಾಕುವುದು ಹೇಗೆ?

ಅವರು ಬುಡಕ್ಕೆ ನೀರು ಚಿಮುಕಿಸಿ, ನನ್ನ ಹಿಂದೊಂದು ಕನ್ನಡಿ ಹಿಡಿದರು. "ನೋಡಮ್ಮ, ಈ ವರ್ಷ ಬಂದಿರೋದು ಇದು."

ಕತ್ತಿನ ಮೇಲೆ ಸಣ್ಣ ಸಣ್ಣ ಗುಂಗುರು ಎದ್ದಿತ್ತು. ಅಮ್ಮ ತಲೆಗೆ ನೀರು ಹಾಕಿಕೊಂಡು ಬಂದಾಗ ಅವಳ ಕತ್ತಿನ ಮೇಲೆ ಕಾಣುತ್ತಿದ್ದ ಅದೇ ಸುರುಳಿ. ಅವಳಿಲ್ಲದ ವರ್ಷವಿಡೀ, ನನಗೆ ಗೊತ್ತೇ ಆಗದಂತೆ, ಅದು ನನ್ನ ತಲೆಯಿಂದ ಹುಟ್ಟುತ್ತಲೇ ಇತ್ತು. ಕೈ ಹಿಂದೆ ಚಾಚಿ ಮೆಲ್ಲಗೆ ಮುಟ್ಟಿದೆ.

"ಕತ್ತರಿಸಿ ಆಂಟಿ" ಎಂದೆ.