ಮೂರು ರಾಜ್ಯಗಳಿಗೆ ಒಂದೇ ಅರ್ಜಿ

ಕಚೇರಿಯಲ್ಲಿ ಎಲ್ಲರೂ ಅವರನ್ನು ಜೋಡಣೆ ಅಕ್ಕ ಎನ್ನುತ್ತಾರೆ. ಒಂದು ರಾಜ್ಯದ ಹೆರಿಗೆ ದಾಖಲೆಯನ್ನು ಇನ್ನೊಂದು ರಾಜ್ಯದ ಮಕ್ಕಳ ಆಸ್ಪತ್ರೆಯ ದಾಖಲೆಗೆ ಜೋಡಿಸಿ ಸಂಶೋಧಕರಿಗೆ ಒದಗಿಸುವುದು ಅವರ ಕೆಲಸ. ಜನ ಗಡಿ ದಾಟಿ ಹೆರುತ್ತಾರೆ, ಗಡಿ ದಾಟಿ ಕಾಯಿಲೆ ಬೀಳುತ್ತಾರೆ. ಕಡತ ಮಾತ್ರ ಗಡಿಯಲ್ಲಿ ಗೂಟ ಹೊಡೆದುಕೊಂಡು ಕೂರುತ್ತದೆ.

ಅಕ್ಕನ ತಂಗಿ ಬಟ್ಟೆ ಹೊಲಿಯುತ್ತಾಳೆ. ಅವಳಿಗೆ ಫಿಟ್ಸ್, ಚಿಕ್ಕಂದಿನಿಂದ ಒಂದೇ ಮಾತ್ರೆ. ಮದುವೆಯಾದ ಮೇಲೆ ಮಗು ಬೇಕೆನಿಸಿತು. ಈ ಮಾತ್ರೆಯಿಂದ ಹೊಟ್ಟೆಯಲ್ಲಿರುವ ಮಗುವಿನ ಕಿವಿಗೆ ತೊಂದರೆಯಾದೀತೇ ಎಂದು ಕೇಳಿದರೆ ಡಾಕ್ಟರು ಕೈಚೆಲ್ಲಿದರು: "ಗೊತ್ತಿಲ್ಲಮ್ಮ. ಯಾರೂ ಲೆಕ್ಕ ಹಾಕಿ ನೋಡಿಲ್ಲ." ಮಾತ್ರೆ ಬಿಟ್ಟರೆ ಫಿಟ್ಸ್, ಬಿಡದಿದ್ದರೆ ಭಯ. ತಂಗಿ ಕಾದಳು.

ಆ ಲೆಕ್ಕ ಹಾಕಲು ಹೊರಟ ಸಂಶೋಧಕಿಯ ಅರ್ಜಿ ಅಕ್ಕನ ಮೇಜಿಗೇ ಬಂತು. ತಂಗಿಯ ವಿಷಯವನ್ನು ಅಕ್ಕ ಅಂದೇ ಮುಖ್ಯಸ್ಥರಿಗೆ ತಿಳಿಸಿದರು. "ಅರ್ಜಿಗಳ ಸಾಲಿನಲ್ಲಿ ಹಿಂದೆ ಮುಂದೆ ಮಾಡ್ಬೇಡಿ, ಅಷ್ಟೇ" ಎಂದರು ಅವರು. ಅಕ್ಕ ಮಾಡಲಿಲ್ಲ.

ಮೂರು ರಾಜ್ಯ, ದಾಖಲೆ ಕೊಡಲು ಒಪ್ಪಿಗೆ ನೀಡಬೇಕಾದ ಮೂರು ಸಮಿತಿ. ಮೊದಲನೆಯವರು, ಪಕ್ಕದವರು ಒಪ್ಪಲಿ ಎಂದರು. ಪಕ್ಕದವರು, ಅದರಾಚೆಯವರು ಒಪ್ಪಲಿ ಎಂದರು. ಆಚೆಯವರು ಮೊದಲನೆಯವರತ್ತ ಬೆರಳು ತೋರಿಸಿದರು. ಯಾರೂ ಬೇಡವೆನ್ನಲಿಲ್ಲ, ಎಂದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಎರಡು ವರ್ಷ ಹೀಗೇ ಹೋಯಿತು. ಹೆಣ್ಣೊಬ್ಬಳ ಹೆರುವ ವಯಸ್ಸು ಇವರ ಸಭೆಗೆ ಕಾದು ನಿಲ್ಲುತ್ತದೆಯೇ?

ಒಂದು ಭಾನುವಾರ ಸಮಿತಿಗಳ ಕಥೆ ಕೇಳಿ, ಅಕ್ಕನ ತೋಳಿನ ಅಳತೆ ತೆಗೆಯುತ್ತ ತಂಗಿ ನಕ್ಕಳು. "ಇದೇನಕ್ಕಾ, ಬೀಗರ ಉಪಚಾರನಾ? ನೀವು ಮೊದಲು ಕೂತ್ಕೊಳ್ಳಿ, ಇಲ್ಲ ನೀವು ಮೊದಲು ಅಂತ. ಅಷ್ಟರಲ್ಲಿ ಊಟ ಆರಿಹೋಗುತ್ತೆ."

"ನಾನೇನ್ ಮಾಡ್ಲಿ ಹೇಳು?"

"ಎಲ್ರನ್ನೂ ಒಟ್ಟಿಗೆ ಕೂರ್ಸು. ಕೈ ಎತ್ತು, ಅಲ್ಲಾಡ್ಬೇಡ."

ಮರುದಿನ ಅಕ್ಕ ಇದನ್ನೇ ಹೇಳಿದಾಗ ಮುಖ್ಯಸ್ಥರು ರಾಗ ಎಳೆದರು. "ಹಾಗೆಲ್ಲ ರೂಢಿ ಇಲ್ಲಮ್ಮ."

"ಮಾಡಬಾರದು ಅಂತ ನಿಯಮ ಇದ್ಯಾ ಸಾರ್?"

ಹುಡುಕಿದರು. ಇರಲಿಲ್ಲ. ತಾವೇ ಫೋನು ಎತ್ತಿಕೊಂಡರು.

ಮೂರೂ ಸಮಿತಿಗಳು ಒಂದೇ ಪರದೆಯ ಮೇಲೆ ಸೇರಿ ಒಂದೇ ಅರ್ಜಿ ಓದಿದವು. ಹಿರಿಯ ಸದಸ್ಯರೊಬ್ಬರು ಪಟ್ಟು ಹಿಡಿದರು: "ಚಿಕ್ಕ ಊರಲ್ಲಿ ಇಂಥ ಮಗು ಒಂದೇ ಇದ್ರೆ ಯಾರ ಮನೇದು ಅಂತ ಗೊತ್ತಾಗಲ್ವಾ?" ನ್ಯಾಯವಾದ ಮಾತು. ದಾಖಲೆಯಲ್ಲಿ ಊರಿನ ಹೆಸರು ಕೈಬಿಟ್ಟು ಜಿಲ್ಲೆ ಮಾತ್ರ ಉಳಿಸಿಕೊಂಡರು. ಒಪ್ಪಿಗೆ ಅಂದೇ ಸಿಕ್ಕಿತು. ಒಂದು ಮಧ್ಯಾಹ್ನದ ಕೆಲಸಕ್ಕೆ ಎರಡು ವರ್ಷ ನುಂಗಿದ ವ್ಯವಸ್ಥೆಗೆ ನಾಚಿಕೆಯೆಂಬುದು ಇದ್ದರೆ ಅಂದು ತಲೆ ತಗ್ಗಿಸಬೇಕಿತ್ತು.

ಕೆಲವು ತಿಂಗಳ ಮೇಲೆ ಸಂಶೋಧನೆಯ ಫಲಿತಾಂಶ ಹೊರಬಿತ್ತು: ಆ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ನುಂಗಿದ ತಾಯಂದಿರ ಮಕ್ಕಳ ಕಿವಿ ಉಳಿದ ಮಕ್ಕಳಷ್ಟೇ ಚುರುಕು. ಆ ವಾರವೇ ಅಕ್ಕತಂಗಿ ಆಸ್ಪತ್ರೆಗೆ ಹೋದರು. ಡಾಕ್ಟರ ಕೋಣೆಯಿಂದ ಹೊರಬಂದ ತಂಗಿ ಬೆಂಚಿನ ಮೇಲೆ ಅಕ್ಕನಿಗೆ ಒರಗಿ ಕೂತಳು.

"ಏನಂದ್ರು?"

"ಪ್ರಮಾಣ ಕಮ್ಮಿ ಮಾಡಿ ನೋಡೋಣ, ಆಮೇಲೆ ಧೈರ್ಯ ಮಾಡಿ ಅಂದ್ರು." ಕಣ್ಣೊರೆಸಿಕೊಂಡಳು. "ಅಕ್ಕಾ, ಮಗು ಹುಟ್ಟಿದ್ರೆ ಅದೂ ನಿಮ್ಮ ಕಚೇರಿ ಲೆಕ್ಕಕ್ಕೆ ಬರುತ್ತಾ?"

"ಬರುತ್ತೆ. ಹೆಸರಿಲ್ದೆ."

"ಸರಿ ಬಿಡು. ಹೆಸರು ನಾನಿಡ್ತೀನಿ."