ಹೊಟ್ಟೆ ತುಂಬಿಸಬಾರದ ಗಿಡ

ಈಕೆಯಿಂದ ಆಗುವುದಿಲ್ಲ ಎಂದು ನನ್ನ ಬಗ್ಗೆ ಮೊದಲು ಹೇಳಿದವನು ನನ್ನ ಸೋದರಮಾವ ಯಮನೂರಪ್ಪ. ಹುಲಿಹೈದರದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಅಗಿಯುತ್ತ, "ಈಕಿ ಡಿಗ್ರಿ ಮುಗಸೂದಿಲ್ಲ, ಬರ್ದಿಟ್ಕೋ," ಅಂದಿದ್ದ. ಬಸ್ಸಿನಲ್ಲಿ ಜೋತುಬಿದ್ದು ಗಂಗಾವತಿಗೆ ಓಡಾಡಿ ಬಿ.ಎ. ಮುಗಿಸಿದೆ. ನಮ್ಮ ಮನೆತನದಲ್ಲಿ ಅದೇ ಮೊದಲ ಪದವಿ. "ನೌಕರಿ ಸಿಗೂದಿಲ್ಲ, ಬರ್ದಿಟ್ಕೋ," ಅಂದ. ರೈಲ್ವೆ ಪರೀಕ್ಷೆ ಪಾಸಾಗಿ ಕೇರಳದ ಕೊಟ್ಟಾಯಂನಲ್ಲಿ ಟಿಕೆಟ್ ಕೌಂಟರಿನ ಹಿಂದೆ ಕುಳಿತೆ. "ಆ ಊರಾಗ ನೀ ಬಾಳೂದಿಲ್ಲ, ಇದನ್ನೂ ಬರ್ದಿಟ್ಕೋ," ಅಂದ. ಈ ಮೂರನೆಯ ಮಾತಿನಲ್ಲಿ ಮಾತ್ರ ಮಾವ ಗೆದ್ದೇಬಿಡುತ್ತಾನೆ ಅನ್ನಿಸಿತ್ತು. ಅವನನ್ನು ಸೋಲಿಸಿದ್ದು ಒಂದು ಗಿಡ.

ಬಾಡಿಗೆ ಕೋಣೆ ನೋಡಲು ಹೋದ ದಿನವೇ ಅದು ಕಣ್ಣಿಗೆ ಬಿತ್ತು. ವರಾಂಡದಲ್ಲಿ ತೂಗುಹಾಕಿದ ಕುಂಡ. ಪ್ರತಿ ಎಲೆಯ ತುದಿಯಿಂದ ಒಂದು ಸಣ್ಣ ಬಳ್ಳಿ, ಬಳ್ಳಿಯ ತುದಿಗೆ ಒಂದು ಹೂಜಿ, ಹೂಜಿಗೊಂದು ಮುಚ್ಚಳ. ಒಳಗೆ ಇಣುಕಿದರೆ ನೀರು, ನೀರಲ್ಲಿ ಇರುವೆಗಳ ರಾಶಿ ಮತ್ತು ಅರ್ಧ ಕರಗಿದ ನೊಣ. ದನ ಗಿಡ ತಿನ್ನುವುದನ್ನು ನೋಡಿ ಬೆಳೆದವಳು ನಾನು. ಗಿಡ ನೊಣ ತಿನ್ನುವುದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದೆ.

"ಇರಪಿಡಿಯನ್," ಅಂದರು ಮನೆಯೊಡತಿ ಏಲಿಯಮ್ಮ ಟೀಚರ್. ನಿವೃತ್ತ ಶಿಕ್ಷಕಿ. ಇರ ಎಂದರೆ ಬೇಟೆ, ಪಿಡಿ ಎಂದರೆ ಹಿಡಿ. ನಮ್ಮ ಪಠ್ಯಪುಸ್ತಕದಲ್ಲಿ ಇದಕ್ಕೆ ಹೂಜಿಗಿಡ ಎಂಬ ಹೆಸರಿತ್ತು. ಪರೀಕ್ಷೆಯಲ್ಲಿ ಅದರ ಚಿತ್ರ ಬರೆದು ಅಂಕ ಗಿಟ್ಟಿಸಿದ್ದೆ. ಚಿತ್ರದೊಳಗಿನದು ನಿಜವಾಗಿ ಎಲ್ಲೋ ಬದುಕಿರುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ.

ಮೊದಲ ಕೆಲವು ತಿಂಗಳು ಎಲ್ಲವೂ ಆ ಗಿಡದ ಹಾಗೆಯೇ ವಿಚಿತ್ರವಾಗಿತ್ತು. ಇಲ್ಲಿಯ ಕೆಂಪು ಕುಚ್ಚಲಕ್ಕಿಯ ದಪ್ಪ ಅನ್ನ ಜೋಳದ ರೊಟ್ಟಿಗೆ ಒಗ್ಗಿದ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೌಂಟರಿನಲ್ಲಿ ಜನ ಊರಿನ ಹೆಸರನ್ನು ಅರ್ಧ ನುಂಗಿ ಹೇಳುತ್ತಿದ್ದರು. ತಪ್ಪು ಟಿಕೆಟ್ ಕೊಟ್ಟು ಬೈಸಿಕೊಂಡು ಊಟದ ಬಿಡುವಿನಲ್ಲಿ ಅತ್ತಿದ್ದೇನೆ. ಇನ್ನು ಮಳೆ! ನಮ್ಮಲ್ಲಿ ನಲ್ಲಿಗೆ ನೀರು ಬಂತೆಂದರೆ ಇಡೀ ಓಣಿ ಕೊಡ ಹಿಡಿದು ಓಡುತ್ತದೆ. ಇಲ್ಲಿ ಆಕಾಶದ ನೀರೆಲ್ಲ ಸೂರಿನಿಂದ ಧುಮುಕಿ ಚರಂಡಿಗೆ ಹೋಗುತ್ತಿದ್ದರೆ ಒಬ್ಬರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಫೋನಿನಲ್ಲಿ ಆ ಸದ್ದು ಕೇಳಿದ ಅವ್ವ, "ಅಯ್ಯ ನಮ್ಮವ್ವ, ಅಷ್ಟೂ ನೀರು ಸುಮ್ನ ಹೊಂಟೈತೇನ? ಒಂದು ಬಕೀಟರ ಇಡವ್ವ!" ಅಂದಳು. ಇಟ್ಟೆ. ಕೊಡಗಳಿಗೆ ತುಂಬಿಸಿ ಬಾಯಿಗೆ ಬಟ್ಟೆ ಕಟ್ಟಿದೆ. ಟೀಚರ್ ನಕ್ಕರು: "ಕೊಟ್ಟಾಯಂನಲ್ಲಿ ಯಾರಾದರೂ ಮಳೆ ಕೂಡಿಡುತ್ತಾರಾ ಮೋಳೇ?" ಮೋಳ್ ಎಂದರೆ ಮಗಳು. ನಗುತ್ತ ಅಂದರೂ ಆ ಕರೆ ಹಿತವಾಗಿತ್ತು.

ಒಂದು ದಿನ ಧೈರ್ಯ ಮಾಡಿ ಆ ಗಿಡದ ಒಂದು ಮರಿ ಕೇಳಿದೆ. ಕೊಟ್ಟರು. ಕೊಡುವಾಗಲೇ, "ಇದು ಹೊಸಬರ ಕೈಯಲ್ಲಿ ಬದುಕುವುದಿಲ್ಲ. ಸಾಯುವ ಮೊದಲು ವಾಪಸ್ ತಂದುಕೊಡು," ಅಂದರು. ನನ್ನ ಕಿವಿಗೆ ಅದು ಮಾವನ ದನಿಯಲ್ಲೇ ಕೇಳಿಸಿತು. ಗಿಡ ಬದುಕಿದರೆ ಇರುತ್ತೇನೆ, ಸತ್ತರೆ ಹುಬ್ಬಳ್ಳಿ ಕಡೆಗೆ ವರ್ಗಾವಣೆ ಕೇಳುತ್ತೇನೆ ಎಂದು ಆಗಲೇ ಮನಸ್ಸಿನಲ್ಲಿ ನಿಶ್ಚಯಿಸಿದೆ. ಹುಚ್ಚುತನವೇ. ಆದರೆ ಒಂಟಿ ಕೋಣೆಯಲ್ಲಿ ಇರುವವರಿಗೆ ಇಂಥ ಹರಕೆಗಳು ಬೇಕಾಗುತ್ತವೆ.

ಮೊದಲ ದಿನವೇ ತಪ್ಪು ಮಾಡಿದೆ. ನಮ್ಮವ್ವ ಆಶಾ ಕಾರ್ಯಕರ್ತೆ. ಡೆಂಗಿಯ ಕಾಲದಲ್ಲಿ ಮನೆಮನೆಗೆ ಹೋಗಿ ತೊಟ್ಟಿ, ಟೈರು, ತೆಂಗಿನ ಚಿಪ್ಪು ಎಲ್ಲದಕ್ಕೂ ಟಾರ್ಚ್ ಬಿಟ್ಟು ಸೊಳ್ಳೆಯ ಮರಿ ಹುಡುಕುವುದು ಅವಳ ಕೆಲಸ. ನಿಂತ ನೀರು ಕಂಡರೆ ಚೆಲ್ಲು ಎಂಬುದು ನಮ್ಮ ಮನೆಯಲ್ಲಿ ಹಾಲಿನ ಜೊತೆ ಕುಡಿಸಿದ ಪಾಠ. ನಾನು ಆ ಪುಟ್ಟ ಹೂಜಿಗಳನ್ನೆಲ್ಲ ಒಂದೊಂದಾಗಿ ಬಗ್ಗಿಸಿ, ಒಳಗಿನ ನೀರು ಚೆಲ್ಲಿ, ಒರೆಸಿ ಇಟ್ಟೆ. ಆ ನೀರೇ ಗಿಡದ ಜಠರ. ವಾರ ಕಳೆಯುವುದರಲ್ಲಿ ಹೂಜಿಗಳು ಒಣಗಿ ಹಳೇ ಬೀಡಿಯಂತೆ ನೇತಾಡಿದವು.

ಅಷ್ಟರಲ್ಲಿ ರಜೆಗೆ ಊರಿಗೆ ಹೋದೆ. ಗಿಡದ ಕಥೆ ಕೇಳಿ ಮಾವ ಒಂದು ಚೀಲ ಕುರಿಗೊಬ್ಬರ ತಂದಿಟ್ಟ. ಸಿದ್ದಾಪುರದ ಕಾಲುವೆ ಬಯಲಿನಲ್ಲಿ ಭತ್ತ ಬೆಳೆಯುವ ಮನುಷ್ಯ, ಮಣ್ಣಿಗೆ ಉಣಿಸದೆ ಬೆಳೆ ಕೇಳಿದವನಲ್ಲ.

"ಹೊಟ್ಟಿಗಿಲ್ಲದ ಮಣ್ಣಾಗ ಯಾವ ಗಿಡ ಬದುಕತೈತಿ? ತಗೊಂಡು ಹೋಗು."

"ರೈಲಾಗ ನಾರತೈತಿ ಮಾವ!"

"ನಾರಲಿ ಬಿಡು. ಹೆಂಗೂ ಬದುಕೂದಿಲ್ಲ ಆ ಗಿಡ, ಬರ್ದಿಟ್ಕೋ. ನನ್ನ ಕಡಿಂದ ಕಡೀ ಊಟ ಅದಕ್ಕ."

ಬೈಗುಳದ ಜೊತೆಗೇ ಚೀಲದ ಬಾಯನ್ನು ಹಗ್ಗದಿಂದ ಬಿಗಿಯಾಗಿ ಕಟ್ಟಿಕೊಟ್ಟ. ನಮ್ಮಲ್ಲಿ ಅಕ್ಕರೆ ಎಂದರೆ ಉಣಿಸುವುದು, ಮನುಷ್ಯರಿಗಾದರೂ ಗಿಡಕ್ಕಾದರೂ. ನಾನೂ ಮುಷ್ಟಿ ಮುಷ್ಟಿ ಉಣಿಸಿದೆ. ಹೊಸ ಎಲೆಗಳು ದಪ್ಪಗೆ, ಕಡುಹಸಿರಾಗಿ ಬಂದವು, ಒಂದರ ತುದಿಗೂ ಹೂಜಿಯಿಲ್ಲ. ಆಮೇಲೆ ಎಲೆಯಂಚು ಸುಟ್ಟಂತೆ ಕಪ್ಪಾಗತೊಡಗಿತು.

ಟೀಚರ್ ಕುಂಡವನ್ನು ಮೂಸಿ ನೋಡಿ ಹಣೆ ಚಚ್ಚಿಕೊಂಡರು. "ಹೊಟ್ಟೆ ತುಂಬಿದ ಮೇಲೆ ಅದು ಯಾಕೆ ಬೇಟೆಯಾಡುತ್ತೆ ಮೋಳೇ? ಬೇರನ್ನೂ ಸುಟ್ಟಿದ್ದೀಯ. ಇನ್ನು ಇದರ ಆಸೆ ಬಿಡು."

ವರ್ಗಾವಣೆಯ ಅರ್ಜಿ ಕಣ್ಣಮುಂದೆ ಬಂತು. ಬಿಡಲಿಲ್ಲ. ಓದಿ ಪಾಸಾಗುವುದೊಂದು ನನಗೆ ಗೊತ್ತಿರುವ ವಿದ್ಯೆ. ಮೊಬೈಲಿನಲ್ಲಿ ಸಿಕ್ಕಿದ್ದನ್ನೆಲ್ಲ ಪರೀಕ್ಷೆಗೆ ಓದಿದಂತೆ ಓದಿದೆ. ಬೇರು ತೊಳೆದು, ಆ ಮಣ್ಣೆಲ್ಲ ಎಸೆದು, ತೆಂಗಿನ ಸಿಪ್ಪೆಯ ತುಂಡು ಮತ್ತು ಪಾಚಿಯಲ್ಲಿ ನೆಟ್ಟೆ. ಗೊಬ್ಬರ ಇಲ್ಲ, ಕೊಳಾಯಿ ನೀರು ಇಲ್ಲ, ಮಳೆನೀರು ಮಾತ್ರ. ಬೆಳಕು ಬೇಕು, ಉರಿಬಿಸಿಲು ಬೇಡ. ಎಲ್ಲಕ್ಕಿಂತ ಕಷ್ಟವಾದದ್ದು ಸುಮ್ಮನಿರುವುದು, ಪ್ರೀತಿಯಿಂದ ಉಪವಾಸ ಕೆಡವುವುದು.

ಚಳಿಗಾಲ ಬರುವ ಹೊತ್ತಿಗೆ ಒಂದು ಎಲೆಯ ತುದಿ ಸಜ್ಜೆಯ ಕಾಳಿನಷ್ಟು ಉಬ್ಬಿತು. ಆಮೇಲೆ ಜೋಳದ ಕಾಳಿನಷ್ಟು. ಆಮೇಲೆ ಶೇಂಗಾ ಕಾಯಿಯಷ್ಟು. ಒಂದು ಬೆಳಿಗ್ಗೆ ಡ್ಯೂಟಿಗೆ ಹೊರಟಾಗ ಮುಚ್ಚಳ ತೆರೆದುಕೊಂಡಿತ್ತು! ಒಳಗೆ ಗಿಡವೇ ಮಾಡಿಕೊಂಡ ತಿಳಿನೀರು. ಆ ದಿನ ಕೌಂಟರಿನಲ್ಲಿ ಒಂದೂ ಟಿಕೆಟ್ ತಪ್ಪಲಿಲ್ಲ.

ಬೇಸಿಗೆ ಬಂತು. ಟೀಚರ್ ಮನೆಯ ಬಾವಿ ತಳ ಕಂಡಿತು. ಎಲ್ಲರೂ ಕೊಳಾಯಿ ನೀರಿಗೆ ಬಿದ್ದರು. ಔಷಧಿ ವಾಸನೆಯ ಆ ನೀರು ಕುಡಿದು ಟೀಚರ್ ಗಿಡವೂ ಸೇರಿ ಓಣಿಯ ಹೂಜಿಗಿಡಗಳೆಲ್ಲ ಬಾಡತೊಡಗಿದವು. ನನ್ನ ಮಂಚದ ಕೆಳಗೆ, ಬಾಗಿಲ ಹಿಂದೆ, ಒಲೆಯ ಪಕ್ಕ, ಬಾಯಿಗೆ ಬಟ್ಟೆ ಕಟ್ಟಿದ ಕೊಡಗಳಲ್ಲಿ ಕಳೆದ ಮಳೆಗಾಲ ಹಾಗೇ ಕುಳಿತಿತ್ತು, ಒಂದು ಸೊಳ್ಳೆಮರಿಯೂ ಇಲ್ಲದೆ. ಒಂದು ಸಂಜೆ ಟೀಚರ್ ಕೈಯಲ್ಲಿ ಜಗ್ಗು ಹಿಡಿದು ಬಾಗಿಲಿಗೆ ಬಂದರು. "ಮೋಳೇ, ಸ್ವಲ್ಪ ಮಳವೆಳ್ಳಂ ಇದೆಯಾ?" ಮಳವೆಳ್ಳಂ ಎಂದರೆ ಮಳೆನೀರು. ಕೊಪ್ಪಳ ಜಿಲ್ಲೆಯವಳು ಕೇರಳದವರಿಗೆ ಮಳೆನೀರು ಸುರಿದುಕೊಟ್ಟೆ. ಡಿಗ್ರಿ ಪಾಸಾದ ದಿನವೂ ನಾನು ಅಷ್ಟು ಬೀಗಿರಲಿಲ್ಲ.

ಆ ಬೇಸಿಗೆಯಲ್ಲೇ ಓಣಿಯ ನಿವಾಸಿಗಳ ಸಂಘದವರು ಗಿಡಗಳ ಪ್ರದರ್ಶನ ಇಟ್ಟರು. ನನ್ನ ಹೆಸರು ಬರೆಸಿದವರು ಟೀಚರೇ. ಅವ್ವ ಮತ್ತು ಮಾವ ರೈಲು ಹತ್ತಿ ಬಂದರು. ಅವ್ವ ಬಂದವಳೇ ನನ್ನ ಕೊಡಗಳಿಗೆಲ್ಲ ಟಾರ್ಚ್ ಬಿಟ್ಟು ನೋಡಿ, "ಪಾಸ್," ಅಂದಳು. ಮಾವ ಹೂಜಿಯೊಳಗೆ ಇಣುಕಿ ಬಹಳ ಹೊತ್ತು ನಿಂತ.

"ಲೇ ಹುಲಿಗಿ, ನನ್ನ ಗೊಬ್ಬರ ಏನಾತು?"

"ಚೆಲ್ಲಿದ್ನಿ ಮಾವ. ಅದರ ದೆಸಿಂದನ ಸಾಯಾಕತ್ತಿತ್ತು."

"ಹಂಗಾರ ನೊಣ ತಿಂದು ಬದುಕಿತನ್ನು. ನಮ್ಮೂರಾಗ ಇಟ್ಟಿದ್ರ ಆನಿಯಂಗ ಬೆಳೀತಿತ್ತು."

ಸಂಘದ ಸಭಾಂಗಣದಲ್ಲಿ ಹೆಸರು ಕೂಗಿದರು. ಒಳಾಂಗಣ ಗಿಡಗಳಲ್ಲಿ ಮೊದಲ ಬಹುಮಾನ. ಟೀಚರ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಪ್ರಮಾಣಪತ್ರ ಕೈಗೆ ಬಂತು. ಕೆಳಗಿಳಿದು ಬಂದು ಅದನ್ನು ಮಾವನ ಕೈಗೆ ಕೊಟ್ಟೆ. ಅವನು ಮಲಯಾಳಂ ಅಕ್ಷರಗಳನ್ನು ದಿಟ್ಟಿಸಿದ.

"ಎಲ್ಲಾ ಜಿಲೇಬಿ ಸುತ್ತಿದಂಗ ಐತಿ. ನಿನಗ ಓದಾಕ ಬರತೈತೇನು?"

ಕೌಂಟರಿನಲ್ಲಿ ಕುಳಿತು ಕಲಿತ ಆ ಅಕ್ಷರಗಳನ್ನು ಬೆರಳಿಟ್ಟು ಓದಿದೆ, ಒಂದು ಕಡೆಯೂ ತಡವರಿಸದೆ. ಹುಲಿಗೆಮ್ಮ, ಕೊಟ್ಟಾಯಂ, ಪ್ರಥಮ ಸ್ಥಾನ.

"ನಮ್ಮೂರ ಹೆಸರಿಲ್ಲೇನ ಅದರಾಗ?" ಅಂದಳು ಅವ್ವ.

ಇಲ್ಲ ಎಂದು ತಲೆಯಾಡಿಸಿದೆ. ಮಾವ ಪತ್ರವನ್ನು ಮಡಿಕೆ ಬೀಳದಂತೆ ಎರಡೂ ಕೈಯಲ್ಲಿ ಹಿಡಿದು ನನಗೆ ತಿರುಗಿ ಕೊಟ್ಟ. ಅವನ ಕಣ್ಣು ಮಾತ್ರ ವೇದಿಕೆಯ ಮೇಲಿನ ಗಿಡದ ಕಡೆಗಿತ್ತು.

"ನಾ ಆಗೂದಿಲ್ಲ ಅಂದದ್ದೆಲ್ಲಾ ನೀ ಮಾಡಿ ತೋರ್ಸಿದಿ, ಹೌದಿಲ್ಲೋ? ಹಂಗಾರ ಇನ್ನೊಂದು ಅಂತೀನಿ ಕೇಳು. ನೀ ಇನ್ನ ಹುಲಿಹೈದರಕ್ಕ ತಿರುಗಿ ಬರೂದಿಲ್ಲ. ಬರ್ದಿಟ್ಕೋ."