ಕಲ್ಲುಬಾನಿಯ ಸಾಕ್ಷಿ

ನನಗಾಗ ಒಂಬತ್ತು ವರ್ಷ. ಅದಾಗಿ ಎಪ್ಪತ್ತು ವರ್ಷದ ಮೇಲಾಯಿತು. ಮೊನ್ನೆ ಸಿಂಧನೂರಿನಲ್ಲಿ ಮೊಮ್ಮಗಳು ತನ್ನ ಗಾಜಿನ ಪೆಟ್ಟಿಗೆಯ ನೀರು ಬದಲಿಸುತ್ತಿದ್ದಳು. ಬಕೆಟ್ಟಿನಿಂದ ಹಸಿ ಪಾಚಿಯ ವಾಸನೆ ಎದ್ದಿತು. ಒದ್ದೆ ಕಲ್ಲು, ಎತ್ತಿನ ಜೊಲ್ಲು, ನೆನೆದ ಹೊಟ್ಟು ಎಲ್ಲ ಕೂಡಿದ ನಮ್ಮ ಹಳೆಯ ಅಂಗಳದ ವಾಸನೆ ನೆನಪಾಯಿತು. "ಎಲ್ಲಾ ಮೀನು ಎಲ್ಲಾದರ ಜೋಡಿ ಇರಂಗಿಲ್ಲಂತಜ್ಜಿ. ಯಾವುದಕ್ಕ ಯಾವುದು ಹೊಂದತೈತಿ ಅಂತ ಕೇಳೇ ಬಿಡಬೇಕಂತ, ಅಂಗಡಿಯಾವ ಹೇಳ್ಯಾನ" ಎಂದಳು. ನಮ್ಮ ಮನೆಯಲ್ಲಿ ಆ ಕೇಳುವ ಕೆಲಸವೊಂದೇ ಆಗಲಿಲ್ಲ.

ಮಸ್ಕಿಯ ನಮ್ಮ ಮನೆ ಈಗ ಇಲ್ಲ. ಅದರ ಅಂಗಳದಲ್ಲಿ ಒಂದೇ ಬಂಡೆಯಲ್ಲಿ ಕಡೆದ ಬಾನಿಯಿತ್ತು, ಎತ್ತುಗಳು ನೀರು ಕುಡಿಯಲು. ಆಳವಾದದ್ದು. ತಳದ ಒಂದು ಮೂಲೆ ಬಿರುಕು ಬಿಟ್ಟಿದ್ದರಿಂದ ಅಲ್ಲಿ ಗಾರೆ ಮೆತ್ತಿ, ಮೇಲೊಂದು ಚಪ್ಪಡಿ ಚೂರು ಹೊಂದಿಸಿದ್ದರು. ಅದರ ಅಡಿಯಲ್ಲಿ ಹಗಲಿನಲ್ಲೂ ಕತ್ತಲೆ. ಅಪ್ಪನ ತಂಗಿ ನೀಲತ್ತೆಯನ್ನು ಮುಕ್ಕುಂದಕ್ಕೆ ಕೊಟ್ಟಿದ್ದರು, ಹೊಳೆದಂಡೆಯ ಊರು. ಗಂಡ ಸತ್ತ ಮೇಲೆ ಒಂದು ಟ್ರಂಕು ಹಿಡಿದುಕೊಂಡು ನಮ್ಮಲ್ಲಿಗೆ ಬಂದಳು. ಮಕ್ಕಳಿರಲಿಲ್ಲ. ಬೆಳಗಾದರೆ ಹೊಳೆ ನೋಡಿದವಳ ಕಣ್ಣಿಗೆ ನಮ್ಮ ಹಳ್ಳ ಸಾಲುತ್ತಿರಲಿಲ್ಲ. ಮಳೆ ನಿಂತರೆ ಅದು ನಾಲ್ಕು ಗುಂಡಿಯಾಗಿ ಉಳಿಯುತ್ತಿತ್ತು. ಒಂದು ದಿನ ಆ ಗುಂಡಿಯಿಂದಲೇ ಸೆರಗಿನಲ್ಲಿ ಸೋಸಿ, ಬೆರಳುದ್ದದ ಬೆಳ್ಳಿ ಬಣ್ಣದ ಮೀನು ತಂದು ಬಾನಿಗೆ ಬಿಟ್ಟಳು. ನೀರಿನ ಹುಳ ತಿನ್ನುತ್ತವೆ, ಸೊಳ್ಳೆ ಆಗುವುದಿಲ್ಲ ಎಂದು ಅಪ್ಪನನ್ನು ಒಪ್ಪಿಸಿದಳು. ಅಪ್ಪ ಒಂದು ಕಟ್ಟು ಹಾಕಿದ. "ನಾವು ಲಿಂಗ ಕಟ್ಟಿದ ಮಂದಿ. ಇರ್ಲಿ ಬೇಕಾದರ. ಆದರ ಆ ಹೆಸರು ಈ ಮನಿಯಾಗ ಯಾರ ಬಾಯಾಗೂ ಬರಬಾರದು." ಅಂದಿನಿಂದ ನಾವು ಮೀನು ಎನ್ನಲಿಲ್ಲ. 'ನೀರಾಗಿನವು' ಎಂದೆವು. ನೀರಾಗಿನವಕ್ಕೆ ರೊಟ್ಟಿ ಹಾಕಿದೆಯಾ, ನೀರಾಗಿನವು ಎದ್ದವಾ, ಹೀಗೆ.

ಹಳ್ಳದಲ್ಲಿ ಬಲೆ ಹಾಕುವ ಹೆಂಗಸರಿದ್ದರು. ಯಾವುದರ ಜೊತೆ ಯಾವುದು ಬಾಳುತ್ತದೆ ಎಂದು ಕೇಳಿದ್ದರೆ ಎಲೆ ಅಡಿಕೆ ಅಗಿಯುತ್ತಲೇ ಹೇಳುತ್ತಿದ್ದರು. ಕೇಳಬೇಕಾದರೆ ಹೆಸರೆತ್ತಬೇಕು. ಅತ್ತೆ ಕೇಳಲಿಲ್ಲ, ಹೆಣ್ಣು ನೋಡಲು ಹೋದವರ ಹಾಗೆ ಬಣ್ಣ ನೋಡಿ ಆರಿಸಿದಳು. ಒಮ್ಮೆ ಉದ್ದ ಮೀಸೆಯದೊಂದು ಸೆರಗಿಗೆ ಬಂತು. ಅದನ್ನು ತಿರುಗಿ ಹಳ್ಳಕ್ಕೆ ಎಸೆದು ಬಂದು, ಕಟ್ಟೆಯ ಮೇಲೆ ಕೂತ ಅಪ್ಪನಿಗೆ ಕೇಳುವಂತೆ, "ಮೀಸಿ ಇದ್ದದ್ದು ಈ ಮನಿಯಾಗ ಒಂದ ಸಾಕವ್ವ, ಅದನ್ನ ತಡಕೊಳ್ಳೂದ ಆಗವಲ್ದು" ಎಂದಳು. ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ನಕ್ಕಳು. ಆಗ ಅವರಿಬ್ಬರಲ್ಲಿ ಅಷ್ಟು ಸಲಿಗೆ. ಒಂದೇ ಬೀಸುಗಲ್ಲಿಗೆ ಎದುರುಬದುರು ಕೂತು ಒಂದೇ ಗೂಟ ಹಿಡಿದು ಬೀಸುತ್ತಿದ್ದರು. ಆ ಸದ್ದಿಗೆ ನನಗೆ ಎಚ್ಚರಾಗುತ್ತಿತ್ತು. ಮುಂದಿನ ಮಳೆಗಾಲದಲ್ಲಿ ಅತ್ತೆ ಕುಂಕುಮದಂಥ ಕೆಂಪು ಮರಿಗಳನ್ನು ತಂದಳು. ಶಾವಿಗೆ ಎಳೆಯಷ್ಟು ಸಣ್ಣವು, ನೀರ ಮೇಲೆ ಗುಂಪಾಗಿ ಆಡುತ್ತಿದ್ದವು. ಒಂದರ ಬಾಲದಲ್ಲಿ ಕಚ್ಚು ಬಿದ್ದಿತ್ತು. ಅದನ್ನು ಹರಕಿ ಎಂದು ಕರೆದಳು. ಕುಂಕುಮ ಬಿಟ್ಟ ಹಣೆಯವಳು ಆ ಕೆಂಪನ್ನು ನೋಡುತ್ತ ಬಾನಿಯ ಅಂಚಿಗೆ ಗಲ್ಲ ಊರಿ ಕೂರುತ್ತಿದ್ದಳು. ನಾನು ಪಕ್ಕದಲ್ಲಿ ಕೂರುತ್ತಿದ್ದೆ. ಕೆಲಸ ಹೇಳಿದರೆ ಇಬ್ಬರಿಗೂ ಕೇಳಿಸುತ್ತಿರಲಿಲ್ಲ.

ಜೋಳ ಮೊಣಕಾಲುದ್ದ ಬರುವ ಹೊತ್ತಿಗೆ ಕೆಂಪಿನವು ಕಾಣದಾದವು. ಆಮೇಲೆ ಬೆಳ್ಳಿಯವೂ ಕಡಿಮೆಯಾದವು. ಅತ್ತೆ ಬೆಕ್ಕು ಕಾದಳು, ಕೊಕ್ಕರೆ ಕಾದಳು, ಬಾನಿಯ ಮೇಲೆ ಜಾಲಿಮುಳ್ಳು ಹರವಿದಳು. ಎತ್ತು ಮೂತಿ ಚುಚ್ಚಿಸಿಕೊಂಡಿತು. ಅವ್ವ ಮುಳ್ಳು ತೆಗೆದು ಬಿಸಾಕಿದಳು. ಅಂದು ಜಗಳ ಹತ್ತಿತು.

"ಬಾನಿ ತೊಳಿಯೂ ನೆಪದಾಗ ನೀನ ಬಳದು ಚೆಲ್ಲಾಕತ್ತೀದಿ, ವೈನಿ."

"ನಿನ್ನ ನೀರಾಗಿನವನ್ನ ತಗೊಂಡು ನಾ ಏನ್ ಮಾಡ್ಲಿ ನೀಲವ್ವ, ಸಾರು ಮಾಡ್ಲೇನ?"

ನಮ್ಮಂಥ ಮನೆಯಲ್ಲಿ ಆಡಬಾರದ ಮಾತು. ಅವ್ವನ ಬಾಯಿಂದ ಜಾರಿತ್ತು. ಅತ್ತೆ ಬಾನಿಯ ಅಂಚಿನಿಂದ ಎದ್ದು ನಿಂತಳು. "ಕುಂತು ಉಣ್ಣಾಕತ್ತಾಳ ಅಂತ ನೆಟ್ಟಗ ಹೇಳು. ಮೂಕ ಜೀವದ ಮ್ಯಾಲ ಯಾಕ ತೀರಿಸ್ಕೊಂತಿ?" ಎಂದಳು. ಅವ್ವ ಕೊರಳ ಲಿಂಗ ಹಿಡಿದು ಆಣೆ ಮಾಡಿದಳು. "ಆಣಿ ಮಾಡೋ ಕೈ ಇನ್ನಾ ಒದ್ದಿ ಐತಿ ನೋಡ್ಕೊ" ಎಂದಳು ಅತ್ತೆ. ಅವ್ವನ ಕೈ ಖರೆ ಒದ್ದೆಯಾಗಿತ್ತು, ಪಾತ್ರೆ ತೊಳೆದು ಬಂದಿದ್ದಳು. ಅಮಾವಾಸ್ಯೆ ಕಳೆಯುವ ಮೊದಲೇ ಅತ್ತೆ ಟ್ರಂಕು ಹೊರಿಸಿಕೊಂಡು ಮುಕ್ಕುಂದದ ಮೈದುನನ ಮನೆಗೆ ಹೊರಟಳು. ಅಲ್ಲಿ ಅವಳಿಗೆ ದನದ ಕೊಟ್ಟಿಗೆಯ ಪಕ್ಕದ ಜಾಗ ಎಂದು ಎಲ್ಲರಿಗೂ ಗೊತ್ತಿತ್ತು. ಅವ್ವ ಬಾಗಿಲ ಹಿಂದೆ ನಿಂತಿದ್ದಳು. ಇರು ಎನ್ನಲಿಲ್ಲ.

ಚಳಿ ಹಿಡಿದ ಮೇಲೆ ಗಾರೆ ಬಿಟ್ಟು ಬಾನಿ ಸೋರತೊಡಗಿತು. ಖಾಲಿ ಮಾಡಿದೆವು. ಬೆಳ್ಳಿಯದು ಒಂದೇ ಉಳಿದಿತ್ತು. ಚಪ್ಪಡಿ ಎತ್ತಿದರೆ ಅಡಿಯಲ್ಲಿ ಗೇಣುದ್ದದ ಕಪ್ಪು ಮೀನು, ಹಾವಿನಂಥ ತಲೆಯದು. ಎರಡನ್ನೂ ಒಂದೇ ಕೊಡದಲ್ಲಿ ಹಾಕಿದೆವು. ಗಾರೆ ಮೆತ್ತಿ ಬಂದು ನೋಡಿದರೆ ಕಪ್ಪಿನದೊಂದೇ ಇತ್ತು, ಅದರ ಬಾಯಿಂದ ಹೊರಚಾಚಿದ ಬೆಳ್ಳಿ ಬಾಲ ಇನ್ನೂ ಅಲ್ಲಾಡುತ್ತಿತ್ತು. ಕಪ್ಪಿನದರ ಬಾಲ ನೋಡಿದೆ. ಕಚ್ಚು ಇತ್ತು. "ಹರಕಿ ಐತಿಬೇ" ಎಂದೆ. ಬೆಳೆಯುತ್ತ ಕೆಂಪು ಹೋಗಿ ಕಪ್ಪಾಗಿತ್ತು. ಬೆಳ್ಳಿಯವನ್ನೂ ತನ್ನ ಒಡಹುಟ್ಟಿದವನ್ನೂ ನುಂಗಿತ್ತು. ಅವ್ವ ಅಲ್ಲೇ ಕೆಸರಲ್ಲಿ ಕೂತಳು. ನಾನು ಹಳ್ಳಕ್ಕೆ ಬಿಟ್ಟು ಬರುತ್ತೇನೆ ಎಂದೆ. "ಬ್ಯಾಡ. ಇದು ನನ್ನ ಸಾಕ್ಷಿ. ನೀಲವ್ವ ಬಂದು ಕಣ್ಣೀಲೆ ನೋಡಲಿ" ಎಂದಳು.

ಇರುವೆ ತುಳಿಯದೆ ನಡೆಯುವ ಅವ್ವ ಅದನ್ನು ಮತ್ತೆ ಬಾನಿಗೆ ಬಿಟ್ಟು ಸಾಕಿದಳು. ರೊಟ್ಟಿ ಮುಟ್ಟಲಿಲ್ಲ ಅದು. ಜೀವ ಇದ್ದದ್ದೇ ಬೇಕು. ದಿನಾ ಬೆಳಿಗ್ಗೆ ನನ್ನನ್ನು ಹೊಲದ ಬದುವಿಗೆ ಮಿಡತೆ ಹಿಡಿಯಲು ಕಳಿಸಿ, ನಾನು ಹಾಕುವಾಗ ತಾನು ಆಚೆ ಮುಖ ಮಾಡಿ ನಿಲ್ಲುತ್ತಿದ್ದಳು. ಅಪ್ಪನಿಗೆ ಮುಕ್ಕುಂದಕ್ಕೆ ಹೋಗೋಣ ಎಂದಳು. "ಸುಗ್ಗಿ ಮುಗದು ರಾಶಿ ಆಗ್ಲಿ. ಇದೊಂದು ಮಾತಿಗೆ ಗಾಡಿ ಕಟ್ಟಲೇನು?" ಎಂದ ಅಪ್ಪ. ಆ ಕಡೆ ಹೊರಟಿದ್ದ ಬಳೆಗಾರನ ಕೈಲಿ ಹೇಳಿ ಕಳಿಸಿದಳು. ಅಪ್ಪ ಕಟ್ಟೆಯ ಮೇಲೆ ಕೂತಿದ್ದ, ಹೆಸರೆತ್ತುವಂತಿಲ್ಲ. "ನೀರಾಗಿನದ ನೀರಾಗಿನವನ್ನ ತಿಂದೈತಿ ಅಂತ ಹೇಳ್ರಿ, ಆಕಿಗೆ ತಿಳಿತೈತಿ." ಬಳೆಗಾರ ಬಳೆಯ ಮಲಾರ ಹೆಗಲಿಗೇರಿಸುತ್ತ, "ಇದೇನು ಒಗಟೇನಬೇ?" ಎಂದು ನಕ್ಕು ಹೋದ. ಹೇಳಿದನೋ ಇಲ್ಲವೋ.

ರಾಶಿ ಆಗಲಿಲ್ಲ, ಅಷ್ಟರಲ್ಲೇ ಅತ್ತೆ ತೀರಿಕೊಂಡ ಸುದ್ದಿ ಬಂತು. ಜ್ವರ ಅಂತೆ, ಹೆಚ್ಚು ದಿನ ಮಲಗಲಿಲ್ಲವಂತೆ. ಅಪ್ಪ ಅವ್ವ ಮಣ್ಣಿಗೆ ಹೋಗಿ ಬಂದರು. ಗಾಡಿ ಇಳಿದ ಅವ್ವ ಕೈಕಾಲು ತೊಳೆಯಲಿಲ್ಲ, ನೆಟ್ಟಗೆ ಬಾನಿಯ ಹತ್ತಿರ ಹೋಗಿ ಅಂಚು ಹಿಡಿದು ನಿಂತಳು. "ಮೀನ ತಿಂದೈತಿ ನೀಲವ್ವ" ಎಂದಳು. "ಮೀನ. ನಾ ಅಲ್ಲ." ಆ ಮನೆಯಲ್ಲಿ ಆ ಹೆಸರು ಅಷ್ಟು ಗಟ್ಟಿಯಾಗಿ ಕೇಳಿದ್ದು ಅದೇ ಮೊದಲು. ಎತ್ತು ಬಿಚ್ಚುತ್ತಿದ್ದ ಅಪ್ಪ ಕೇಳಿಸಿಕೊಂಡ. ಎತ್ತುಗಳನ್ನು ಕೊಟ್ಟಿಗೆಗೆ ಹೊಡೆದುಕೊಂಡು ಹೋದ. ಆ ಹೆಸರನ್ನು ಮೊದಲೇ ಅಂದಿದ್ದರೆ ಆಗುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ, ಹಳ್ಳದ ಹೆಂಗಸರ ಮುಂದೆ ಒಂದು ಸಲ, ಬಳೆಗಾರನ ಮುಂದೆ ಒಂದು ಸಲ.

ಮರುದಿನ ಬೆಳಿಗ್ಗೆ ಬೀಸುಗಲ್ಲಿನ ಸದ್ದಿರಲಿಲ್ಲ. ನನ್ನನ್ನು ಯಾರೂ ಎಬ್ಬಿಸಲಿಲ್ಲ, ಯಾರೂ ಹೊಲಕ್ಕೆ ಹೋಗು ಎನ್ನಲಿಲ್ಲ. ನಾನೇ ಎದ್ದು ಬದುವಿಗೆ ಹೋಗಿ ಮಿಡತೆ ಹಿಡಿದು ತಂದು ಬಾನಿಗೆ ಹಾಕಿದೆ. ಹರಕಿ ಚಪ್ಪಡಿಯ ಅಡಿಯಿಂದ ಬಂದು ತಿಂದು, ತಿರುಗಿ ಅಡಿಗೆ ಹೋಯಿತು.